ಖಾಲಿ ಬಿಟ್ಟ ಬಡಿತ

ಕಸಿಪೀಠದ ಹಸಿರು ದೀಪ ಆರಿತು. ಮೂಸಾ ಕಣ್ಣು ಬಿಟ್ಟವನೇ ಬಲ ಮೊಣಕಾಲು ಸವರಿಕೊಂಡು, "ನಮ್ಮ ಓಣ್ಯಾಗಿನ ಬೇವಿನ ಗಿಡದ ಮ್ಯಾಲಿಂದ ಬಿದ್ದಿದ್ದೆ ನೋಡು. ಅವ್ವ ಅರಿಶಿಣ ಮೆತ್ತಿ ಬೈದಿದ್ಲು" ಎಂದು ನಕ್ಕ.

ಅವನ ಅಕ್ಕ ಹವ್ವಾ ಬಾಯಿ ತೆರೆದು ನಿಂತಳು. ಇಬ್ಬರೂ ಹುಟ್ಟಿ ಬೆಳೆದದ್ದು ಮಾಲ್ದೀವಿನ ಒಂದು ಪುಟ್ಟ ದ್ವೀಪದಲ್ಲಿ, ತೆಂಗಿನ ಮರಗಳ ನಡುವೆ. ತಮ್ಮ ಈಗ ನೆನೆಯುತ್ತಿದ್ದ ಓಣಿಯಾದರೋ ಹಳೆಯ ಬಾಗಲಕೋಟೆಯದು. ಆಲಮಟ್ಟಿಯ ಹಿನ್ನೀರು ಅದನ್ನು ನುಂಗಿ ಎರಡು ತಲೆಮಾರು ಕಳೆದಿದ್ದವು. ನೀರಡಿಯ ಆ ಓಣಿ ಇವನ ಕಣ್ಣಲ್ಲಿ ಎದ್ದು ನಿಂತಿದೆಯಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ಕಡಲು ದ್ವೀಪಗಳನ್ನು ಮುಳುಗಿಸಿದ ಮೇಲೆ ಓಡಿ ಬಂದವರಿಗೆ ಸರ್ಕಾರ ಆ ಹಿನ್ನೀರಿನ ದಂಡೆಯ ಹೊಸ ಬಾಗಲಕೋಟೆಯಲ್ಲಿ ಮನೆ ಕೊಟ್ಟಿತ್ತು. ಬಂದವರೂ ಇದ್ದವರೂ ಒಂದೇ ಜನವಾಗಲೆಂದು ವಿಜ್ಞಾನಿ ಡಾ. ಸುವರ್ಣಾ ಮುಚಖಂಡಿ ರೂಪಿಸಿದ ತಂತ್ರವೇ ಸ್ಮೃತಿಕಸಿ. ಊರಿನ ಹಿರಿಯರಿಂದ ಸಂಗ್ರಹಿಸಿದ ಬಾಲ್ಯದ ನೆನಪುಗಳನ್ನು 'ನೆನಪಿನ ಕೊಳ' ಎಂಬ ಮಹಾಗಣಕದಲ್ಲಿಟ್ಟು, ಸೂಕ್ಷ್ಮ ವಿದ್ಯುತ್ ಸ್ಪಂದನಗಳ ಮೂಲಕ ಹೊಸಬರ ಮಿದುಳಿಗೆ ಇಳಿಸಲಾಗುತ್ತಿತ್ತು. ಕಸಿ ಮಾಡಿಸಿಕೊಂಡವರಿಗೆ ಪೌರತ್ವ. ಊರಿನವರೂ ವರ್ಷಕ್ಕೊಮ್ಮೆ ಪೀಠದಲ್ಲಿ ಕೂತು ತಮ್ಮ ನೆನಪಿಗೆ ಹೊಳಪು ಕೊಡಿಸಿಕೊಳ್ಳಬೇಕಿತ್ತು. ಎಲ್ಲರ ಬಾಲ್ಯವೂ ಒಂದೇ ಆದ ಮೇಲೆ ಜಗಳಕ್ಕೆ ಎಡೆಯೆಲ್ಲಿ ಎಂದು ಸರ್ಕಾರ ಬಲು ಸಲೀಸಾಗಿ ನಂಬಿಬಿಟ್ಟಿತ್ತು.

"ಡಾಕ್ಟ್ರ, ಇವನ ಹಳೇ ನೆನಪು ಏನಾಗ್ತಾವ್ರಿ?" ಇಷ್ಟು ವರ್ಷಗಳಲ್ಲಿ ಕಲಿತ ಊರಮಾತಿನಲ್ಲೇ ಹವ್ವಾ ಪೀಠದ ಪಕ್ಕ ನಿಂತಿದ್ದ ಡಾ. ಮುಚಖಂಡಿಯವರನ್ನು ಕೇಳಿದಳು.

"ಒಂದೀಟು ಮಸುಕ ಆಗ್ತಾವವ್ವಾ. ಸುಳ್ಳು ಯಾಕ ಹೇಳಲಿ?"

ಹವ್ವಾ ತಮ್ಮನ ಕಡೆ ತಿರುಗಿದಳು. "ಅಪ್ಪನ ಬಡಿತ ಬಾರಿಸು."

ಅವರಪ್ಪ ದ್ವೀಪದ ದೊಡ್ಡ ಡೋಲು ಬಾರಿಸುವವನಾಗಿದ್ದ. ನಿಧಾನವಾಗಿ ಶುರುವಾಗುವ ಬಡಿತ ಆವೇಶಕ್ಕೇರುವ ಮುನ್ನ ಒಮ್ಮೆ ಕೈ ಮೇಲೆತ್ತಿ ಒಂದು ಬಡಿತವನ್ನು ಖಾಲಿ ಬಿಡುತ್ತಿದ್ದ. ಕಡಲಿಗೆ ಹೋಗಿ ತಿರುಗಿ ಬಾರದವರ ಪಾಲಿನದು ಅದು. ಮೂಸಾ ಮೇಜಿನ ಮೇಲೆ ಬಾರಿಸಿದ. ನಿಧಾನ, ಆಮೇಲೆ ವೇಗ. ನಡುವೆ ಕೈ ಏಳಲೇ ಇಲ್ಲ.

"ಹಿಂಗ ಅಲ್ಲೇನು?" ಎಂದ.

ದ್ವೀಪದ ಉಳಿದವರೆಲ್ಲ ಆಗಲೇ ಕಸಿ ಮಾಡಿಸಿಕೊಂಡಿದ್ದರು. ಅಪ್ಪನ ಬಡಿತ ಇನ್ನು ತನ್ನೊಬ್ಬಳ ತಲೆಯಲ್ಲಿ ಮಾತ್ರ ಉಳಿದಿದೆ ಎಂದು ಹವ್ವಾಳಿಗೆ ಖಾತ್ರಿಯಾಯಿತು. "ನನಗ ಬ್ಯಾಡ್ರಿ" ಎಂದಳು. ಕಾನೂನು ಒಂದು ವರ್ಷದ ಗಡುವು ಕೊಟ್ಟಿತು. ಅಷ್ಟರಲ್ಲಿ ಒಪ್ಪದಿದ್ದರೆ ಊರು ಬಿಡಬೇಕು.

ಗಡುವು ಮುಗಿಯುವ ಹೊತ್ತಿಗೆ ಹೋಳಿ ಬಂತು. ಹೇಗಾದರೂ ಒಪ್ಪಿಸಬೇಕೆಂದು ಡಾ. ಮುಚಖಂಡಿ ಅವಳ ಮನೆಗೇ ಬಂದರು. ಇಬ್ಬರೂ ಕಟ್ಟೆಯ ಮೇಲೆ ಮಾತಾಡುತ್ತಿರುವಾಗ, ಸಂಗಪ್ಪ ಎಂಬ ಮುದುಕನ ಹಲಗೆವಾದ್ಯದ ಮೇಳ ಬಣ್ಣದಲ್ಲಿ ತೊಯ್ದು ಬೀದಿಗೆ ಬಂತು. ಹಲಗೆಗಳು ನಿಧಾನವಾಗಿ ಶುರುವಾದವು. ಬರಬರುತ್ತ ಬಿಗಿಯಾದವು. ಇನ್ನೇನು ಆವೇಶಕ್ಕೇರಬೇಕು, ಅಷ್ಟರಲ್ಲಿ ಎಲ್ಲರ ಕೈಗಳೂ ಒಟ್ಟಿಗೆ ಮೇಲೆದ್ದವು.

ಒಂದು ಬಡಿತ ಖಾಲಿ ಹೋಯಿತು. ಕೇಕೆ ಹಾಕುತ್ತಿದ್ದ ಇಡೀ ಬೀದಿ ಉಸಿರು ಬಿಗಿಹಿಡಿದು ನಿಂತಿತು. ಬಣ್ಣ ಎರಚಲು ಎತ್ತಿದ ಬಿಂದಿಗೆಗಳೂ ಅಲ್ಲೇ ನಿಂತವು. ಕಡಲನ್ನೇ ಕಾಣದ ಅಷ್ಟೂ ಜನ ಅಪ್ಪನ ಮೌನವನ್ನು ಕಾಯುತ್ತಿದ್ದರು. ಹವ್ವಾ ಕಟ್ಟೆಯಿಂದ ಇಳಿದಳು.

ಮೇಳ ಒಂದು ಸುತ್ತು ಮುಗಿಸಿದ ಮೇಲೆ ಅವಳು ಸಂಗಪ್ಪನ ಬಳಿ ಹೋದಳು. "ಅಜ್ಜಾ, ನಡುವ ಒಂದು ಪೆಟ್ಟು ಯಾಕ ಬಿಟ್ರಿ?"

"ಮುಳುಗಿದ ಊರಿಗೆ ಬಿಡೋದವ್ವಾ. ನಮ್ಮ ಮುತ್ಯಾನ ಕಾಲದಿಂದ ಬಂದದ್ದು. ಹೊರಗಿನಾಕಿ ನೀ, ನಿನಗ ತಿಳಿಯಾಂಗಿಲ್ಲ. ಕಸಿ ಮಾಡಿಸ್ಕೊ, ತಿಳೀತದ."

ಹಿಂದೆಯೇ ಬಂದಿದ್ದ ಡಾ. ಮುಚಖಂಡಿಯವರ ಮುಖ ಬಿಳಚಿಕೊಂಡಿತು. ದ್ವೀಪದವರ ಬಡಿತದ ಬಗ್ಗೆ ಹವ್ವಾ ಅವರೆದುರೇ ಎಷ್ಟು ಸಲ ಹೇಳಿರಲಿಲ್ಲ! ಕಸಿ ಹಿಡಿದಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಅವರೇ ಮಿದುಳಿನಿಂದ ಕೊಳಕ್ಕೆ ಹಿಮ್ಮುಖವಾಗಿ ಹರಿಯುವ ಒಂದು ಮರುವಾಹಿನಿ ಇಟ್ಟಿದ್ದರು. ಹೊರಗಿನಿಂದ ಬಂದವರ ನೆನಪುಗಳು ಅದರ ಮೂಲಕ ಕೊಳಕ್ಕೆ ಹರಿದು, ವರ್ಷದ ಹೊಳಪಿನ ಜೊತೆ ಊರಿನವರ ತಲೆಗೇ ಇಳಿದಿದ್ದವು.

"ನನಗೂ ಇದನ್ನ ನಮ್ಮಜ್ಜ ಕಲಿಸಿದಾಂಗ ನೆನಪದ ಹವ್ವಾ" ಎಂದರು ಅವರು ಮೆಲ್ಲಗೆ. "ಇದು ನಿಮ್ಮಪ್ಪಂದು ಅಂತ ಇವರಿಗೆ ಹೇಳಲೇಬೇಕು. ನಾ ವರದಿ ಕೊಡ್ತೀನಿ. ನಿನಗ ನ್ಯಾಯ ಸಿಗ್ತದ."

ಹವ್ವಾ ಅವರ ಕೈ ಗಟ್ಟಿಯಾಗಿ ಹಿಡಿದು ತುಸು ಆಚೆಗೆಳೆದಳು. ಅವಳ ಕಣ್ಣು ತುಂಬಿ ಬಂದಿತ್ತು.

"ಬ್ಯಾಡ್ರಿ. ಹೊರಗಿನವರದು ಅಂತ ಗೊತ್ತಾದ್ರ ನಾಳಿಂದ ಬಿಟ್ಟುಬಿಡ್ತಾರ. ತಮ್ಮದ ಅಂತ ತಿಳಕೊಂಡ ಬಾರಿಸ್ಲಿ."

ಮತ್ತೆ ಸಂಗಪ್ಪನ ಕಡೆ ತಿರುಗಿ, "ಅಜ್ಜಾ, ನನಗೂ ಇದನ್ನ ಕಲಿಸ್ತೀರೇನು?" ಎಂದಳು.

ಮುದುಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತನ್ನ ಹಲಗೆಯನ್ನು ಅವಳ ಕೈಗೆ ಕೊಟ್ಟ. "ಲಕ್ಷ್ಯ ಇಟ್ಟು ಕಲಿ. ಭಾಳ ಕಠಿಣ ಅದ ಇದು" ಎಂದ.