ಮೂರನೇ ದಂಡ

ಸೀಟ್ ಬೆಲ್ಟ್ ಹಾಕದ ಗಂಡಸರು ಹೇಳುವ ನೆಪಗಳೆಲ್ಲ ನನಗೆ ಬಾಯಿಪಾಠ. ಹೊಟ್ಟೆನೋವು, ಹೊಸ ಅಂಗಿ, 'ಈಗ ತಾನೇ ಬಿಚ್ಚಿದೆ ಮೇಡಂ'. ಬ್ರೆಡ್ ವ್ಯಾನಿನ ಡ್ರೈವರ್ ಮಾತ್ರ ಕಿಟಕಿ ಇಳಿಸಿ, "ದಂಡ ಹಾಕಿ," ಎಂದು ಹಲ್ಲು ಕಿರಿದ.

"ನಾಚಿಕೆ ಆಗಲ್ವಾ?"

"ಆಗತ್ತೆ. ಅದಕ್ಕೇ ನಿಮ್ಮ ಮುಖ ನೋಡ್ತಿಲ್ಲ."

ನೋಡುತ್ತಲೇ ಇದ್ದ, ಕಳ್ಳ.

ಎರಡನೇ ಸಲ ಸಿಕ್ಕಿಬಿದ್ದಾಗ ನಿಜ ಬಾಯಿಬಿಟ್ಟ. ದಾರಿಯುದ್ದಕ್ಕೂ ಬೆಲ್ಟ್ ಹಾಕಿಕೊಂಡೇ ಬರುತ್ತಾನಂತೆ. ನನ್ನ ಸಿಗ್ನಲ್ ಹತ್ತಿರ ಬಿಚ್ಚುತ್ತಾನಂತೆ. "ಹಾಕ್ಕೊಂಡಿದ್ರೆ ನೀವು ಕೈ ಬೀಸಿ ಕಳಿಸಿಬಿಡ್ತೀರ. ನಿಲ್ಸೋದೇ ಇಲ್ಲ."

ನಗು ತಡೆಯಲಾಗಲಿಲ್ಲ. ರಸೀದಿ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಆಮೇಲೆ ಡ್ಯೂಟಿ ಮುಗಿಸಿ ಟೀ ಅಂಗಡಿಯಲ್ಲಿ ಸಿಗತೊಡಗಿದೆವು. ಬೆಚ್ಚಗಿನ ಬನ್ನು ತಂದು ನನ್ನ ಟೋಪಿಯೊಳಗೆ ಇಡುತ್ತಿದ್ದ. "ಹುಡುಗ ತಲೆಹರಟೆ, ಆದ್ರೆ ಮನಸ್ಸು ಚಿನ್ನ," ಎಂದು ಅಮ್ಮ ಕೂಡ ಒಪ್ಪಿದಳು.

"ಇನ್ನೊಂದ್ಸಲ ಬೆಲ್ಟ್ ಬಿಚ್ಚಿದ್ರೆ ನೋಡು," ಎಂದು ಗದರಿಸಿದ್ದೆ. "ಮೂರನೇ ಸಲಕ್ಕೆ ಲೈಸೆನ್ಸ್ ಆರು ತಿಂಗಳು ಅಮಾನತು. ನಿನ್ನ ಅನ್ನಕ್ಕೇ ಕಲ್ಲು ಬೀಳತ್ತೆ."

"ನೀನೇ ಇರ್ತೀಯಲ್ಲ, ಭಯ ಯಾಕೆ?"

ನನ್ನ ಹುಟ್ಟುಹಬ್ಬದ ದಿನ ಇನ್‌ಸ್ಪೆಕ್ಟರ್ ನನ್ನ ಪಕ್ಕದಲ್ಲೇ ನಿಂತಿದ್ದರು. ವ್ಯಾನು ಬಂತು. ಪಕ್ಕದ ಸೀಟಿನಲ್ಲಿ ಕೇಕಿನ ಡಬ್ಬಿ, ಅದಕ್ಕೆ ಬೆಲ್ಟ್ ಬಿಗಿದಿದ್ದ. ತನಗೆ ಹಾಕಿಕೊಂಡಿರಲಿಲ್ಲ. ಹಾಕ್ಕೋ ಎಂದು ಕಣ್ಣಲ್ಲೇ ಬೇಡಿಕೊಂಡೆ. ಪೆದ್ದ, ಕಣ್ಣು ಹೊಡೆದ.

"ಹಳೇ ಗಿರಾಕಿ ಅಲ್ವಾ ಇವನು? ಬರೀರಿ," ಎಂದರು ಇನ್‌ಸ್ಪೆಕ್ಟರ್.

ಬರೆದೆ.

ಬೇಕರಿಯವರು ಆ ವಾರವೇ ಅವನನ್ನು ಕೆಲಸದಿಂದ ತೆಗೆದರು. ಕೊನೆಗೊಮ್ಮೆ ಟೀ ಅಂಗಡಿಗೆ ಬಂದ. ಲೋಟ ಮುಟ್ಟಲಿಲ್ಲ.

"ನನಗೋಸ್ಕರ ಒಂದ್ಸಲ ಸುಮ್ನಿರೋಕೆ ಆಗ್ಲಿಲ್ವಾ?"

"ನನಗೋಸ್ಕರ ಒಂದ್ಸಲ ಬೆಲ್ಟ್ ಹಾಕ್ಕೊಳ್ಳೋಕೆ ಆಗ್ಲಿಲ್ವಾ? ಬರೀದೇ ಇದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು. ಅಮ್ಮನ್ನ ಯಾರು ನೋಡ್ಕೋತಿದ್ರು?" ಲೋಟವನ್ನು ಅವನತ್ತ ತಳ್ಳಿದೆ. "ನೀನಂದ್ರೆ ನಂಗೆ ಪ್ರಾಣ ಕಣೋ. ಆರು ತಿಂಗಳು ತಾನೇ? ನನ್ನ ಸಂಬಳ ಇದೆ, ಹೇಗೋ ನಡೆಯತ್ತೆ."

"ಇಲ್ಲ. ನಿನ್ನ ಮುಖ ನೋಡಿದಾಗೆಲ್ಲ ಆ ಪೆನ್ನೇ ಕಾಣ್ಸತ್ತೆ."

ಅವನು ಎದ್ದ. ನಾನು ಬಿಡಲಿಲ್ಲ.

"ನನ್ನ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ?"

"ಬರೀತಿರಲಿಲ್ಲ," ಎಂದು ಹೊರಟುಹೋದ.

ನಾನು ಮಾಡಿದ್ದು ಸರಿ, ಯಾರನ್ನು ಬೇಕಾದರೂ ಕೇಳಿ. ಆದರೆ ಕೆಲಸ ಹೋದರೂ ಅವನು ನಿಜವಾಗಿಯೂ ಬರೆಯುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.