ಕೆಮ್ಮಿಗೊಂದು ವಾಯಿದೆ

ಕುಡುಗೋಲು ನನ್ನ ಮೂಗಿನ ಮುಂದೆ ಹೊಳೆಯಿತು!

"ಇನ್ನೊಂದು ಹೆಜ್ಜಿ ಇಟ್ರ ನೋಡು... ಮೂಗು ನಿಮ್ಮ ಜಡ್ಜ್ ಸಾಹೇಬಗ ಪಾರ್ಸಲ್!"

ಹಿಡಿದಿದ್ದವಳು ಪಕ್ಕೀರಮ್ಮ. ಸಿರಿಗೇರಿಯ ಚಿನ್ನಪ್ಪನ ಹೆಂಡತಿ.

ಜಡ್ಜ್? ಯಾವ ಜಡ್ಜ್?

ನಾನು ಕೋರ್ಟಿನವಳಲ್ಲ, ಕೇಳಿ. ಎಪ್ಪತ್ತೆಂಟನೇ ಇಸವಿ. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಕ್ಷಯದ ಹೊಸ ಮಾತ್ರೆಯ ಟ್ರಯಲ್ ನಡೆದಿತ್ತು. ತಪಾಸಣೆಗೆ ಬಾರದ ರೋಗಿಗಳನ್ನು ಹುಡುಕಿ ಹಿಡಿದು ತರುವುದು ನನ್ನ ಕೆಲಸ. ಬಿ.ಎಸ್ಸಿ. ಓದಿದ್ದು ಇದಕ್ಕೇ!

ಚಿನ್ನಪ್ಪ ಬಂದಿರಲಿಲ್ಲ. ಇವತ್ತೇ ಕೊನೆ. ಸಂಜೆ ಬಾಗಿಲು ಹಾಕುವುದರೊಳಗೆ ಕಫ ಕೊಟ್ಟು, ಮಾತ್ರೆಯಿಂದ ದೃಷ್ಟಿ ಕೆಟ್ಟಿಲ್ಲವೆಂದು ಕಣ್ಣು ತೋರಿಸದಿದ್ದರೆ ಅವನ ಹೆಸರು ಹೊಡೆದುಹಾಕುತ್ತಾರೆ. ಮಾತ್ರೆ ಬಂದ್. ಹಳೆಯ ಮಾತ್ರೆಗಳು ಅವನಿಗೆ ನಾಟಿರಲಿಲ್ಲ. ಇದೂ ನಿಂತರೆ... ಚಿನ್ನಪ್ಪನೂ ಬಂದ್!

ಹಿತ್ತಲಲ್ಲಿ ದಡಕ್ಕೆಂದಿತು. ಚಿನ್ನಪ್ಪ ಗೋಡೆ ಹಾರಿದ್ದ!

"ಚಿನ್ನಪ್ಪಾ, ನಿಲ್ರೀ!"

ನಿಲ್ಲಲಿಲ್ಲ. ಭತ್ತದ ಗದ್ದೆಯ ಬದುವಿನ ಮೇಲೆ ಓಡಿದ. ನಾನೂ ಸೀರೆ ಎತ್ತಿ ಕಟ್ಟಿ ಓಡಿದೆ. ಯುಗಾದಿಯಲ್ಲಿ ಮಂಚದಿಂದ ಏಳಲಾರದವನು ಇವನು. ಈಗ ದಮ್ಮು ಕಟ್ಟಿದ್ದು ನನಗೆ! ಮಾತ್ರೆ ಕೆಲಸ ಮಾಡುತ್ತಿತ್ತು... ನನ್ನ ದುರದೃಷ್ಟ.

ಅವನು ಕುರುಗೋಡಿನ ಬಸ್ಸಿಗೆ ಜೋತುಬಿದ್ದ.

ನಮ್ಮ ಜೀಪಿನ ಡ್ರೈವರ್ ಮೂಕಪ್ಪ ಹಲ್ಲು ಕಿಸಿದ. "ಅಕ್ಕಾರ, ಆ ಮಾತ್ರಿ ನೀವೂ ತಗೋರಿ!"

"ಬಾಯಿ ಮುಚ್ಚಿ ಬಸ್ ಹಿಂದ ಹೊಡಿ!"

ಕುರುಗೋಡು. ಬಸ್ಸಿಳಿದವನು ಒಂದು ಮನೆಗೆ ನುಗ್ಗಿದ. ಬೋರ್ಡು ಓದಿದೆ... ಚಿದಾನಂದಪ್ಪ, ವಕೀಲರು!

ವಕೀಲರು ಬನಿಯನ್ನಿನ ಮೇಲೆ ಕರಿಕೋಟು ಏರಿಸಿ ಬಾಗಿಲಿಗೆ ಅಡ್ಡ ನಿಂತರು.

"ನನ್ನ ಕಕ್ಷಿದಾರ ಬರಂಗಿಲ್ರಿ. ತಾರೀಖು ಮುಂದ ಹಾಕ್ರಿ ಅಂತ ವಾಯಿದಾ ಕೇಳಿ ಅರ್ಜಿ ಕಳಿಸೀವಿ."

"ವಾಯಿದಾ? ಕಫ ಕೊಡಾಕ?"

ಕೋಟಿನ ಹಿಂದಿನಿಂದ ಚಿನ್ನಪ್ಪ ಇಣುಕಿದ. "ಡಾಕ್ಟರೇ ಹೇಳ್ಯಾರ್ರಿ! ನೀನು ಟ್ರಯಲ್‌ನಾಗ ಅದೀ, ತಾರೀಖಿಗೆ ಹಾಜರಾಗು ಅಂತ. ಹೆಬ್ಬಟ್ಟು ಒತ್ತಿಸಿಕೊಂಡ್ರು, ಸಾಕ್ಷಿನೂ ಹಾಕಿಸಿದ್ರು! ನಮ್ಮಪ್ಪ ಹೊಲದ ಕೇಸಿನ್ಯಾಗ ವಾಯಿದಾ ತಗೊಂತ ತಗೊಂತ ಸೋಲಲಾರದ ಸತ್ತ. ಕರೆದ ಕೂಡ್ಲೇ ಹೋಗಾಕ ನಾನೇನು ಮಬ್ಬನಾ?"

ಬಿಡಿಸಿ ಹೇಳಿದೆ. ಔಷಧಿಯ ಟ್ರಯಲ್ ಬೇರೆ, ಕೋರ್ಟಿನ ಟ್ರಯಲ್ ಬೇರೆ ಎಂದೆ. ವಕೀಲರು ನಕ್ಕರು.

"ಟ್ರಯಲ್ ಅಂದ್ರ ಟ್ರಯಲ್ಲೇ ರೀ! ನನಗ ಕಾನೂನು ಕಲಿಸ್ತೀರೇನು?"

ಹೊತ್ತು ಇಳಿಯುತ್ತಿತ್ತು. ಸತ್ಯ ಕೆಲಸಕ್ಕೆ ಬರಲಿಲ್ಲ. ನಾನು ಮಾತು ತೂಗಿ ಆಡುವವಳು. ತೂಗಿದೆ... ಒಂದೇ ಪದ ಆರಿಸಿದೆ.

"ಆತು ಬಿಡ್ರಿ. ಇವರ ಎದುರು ಪಾರ್ಟಿ ಯಾರು? ಕೆಮ್ಮು! ಅದು ಇವತ್ತು ಹಾಜರೈತಿ. ನೀವು ಬರದಿದ್ರ... ಎಕ್ಸ್‌ಪಾರ್ಟಿ!"

ಗೈರುಹಾಜರಾದವನ ಮೇಲೆ ಏಕಪಕ್ಷೀಯ ತೀರ್ಪು! ವಕೀಲರ ಮುಖ ಬಿಳಿಚಿತು.

"ಲೇ ಚಿನ್ನಪ್ಪಾ! ಜೀಪ್ ಹತ್ತಲೇ!"

ತಾವೂ ಹತ್ತಿದರು.

ಮೂಕಪ್ಪ ಎಮ್ಮೆಗಳ ನಡುವೆ, ಎತ್ತಿನ ಗಾಡಿಗಳ ನಡುವೆ ಜೀಪು ನುಗ್ಗಿಸಿದ. ಆಸ್ಪತ್ರೆಯ ಜವಾನ ಬೀಗ ಕೈಗೆತ್ತಿಕೊಂಡಿದ್ದ. ಅವನನ್ನು ತಳ್ಳಿಕೊಂಡೇ ಒಳಗೆ ಹೋದೆವು.

ಡಾಕ್ಟರು ಡಬ್ಬಿ ಚಾಚಿದರು. "ಚೆನ್ನಾಗಿ ಕೆಮ್ಮಿ ಇದರೊಳಗೆ ಉಗುಳಪ್ಪ."

"ಅಬ್ಜೆಕ್ಷನ್!" ವಕೀಲರು ಕೈಯೆತ್ತಿದರು. "ತನ್ನ ವಿರುದ್ಧ ತಾನೇ ಸಾಕ್ಷಿ ಕೊಡಂಗಿಲ್ರಿ!"

ಚಿನ್ನಪ್ಪ ಬಾಯಿ ಬಿಗಿದ.

ಜವಾನ ಒಂದೊಂದೇ ಕಿಟಕಿ ಮುಚ್ಚುತ್ತ ಬಂದ...

ವಕೀಲರ ಕಿವಿಗೆ ಬಾಯಿಟ್ಟೆ. "ಕಕ್ಷಿದಾರ ಸತ್ರ ಕೇಸೂ ಸಾಯ್ತೈತ್ರಿ. ಬದುಕಿದ್ರ... ಗೆಲ್ಲಿಸಿದ್ದು ನೀವು!"

ಅವರು ಯೋಚಿಸಿದರು. ತಿರುಗಿದರು. ಚಿನ್ನಪ್ಪನ ಬೆನ್ನಿಗೆ ಫಟಾರನೆ ಬಾರಿಸಿದರು.

"ಕೆಮ್ಮಲೇ!"

ಕೆಮ್ಮಿದ. ಕಫ ಬಿತ್ತು. ಕಣ್ಣೂ ನೆಟ್ಟಗಿದ್ದವು. ಹೆಸರು ಉಳಿಯಿತು, ಮಾತ್ರೆ ಸಿಕ್ಕಿತು. ವರ್ಷ ತುಂಬುವುದರಲ್ಲಿ ರೋಗವೂ ಹೋಯಿತು.

ಹುಡುಕಿದವಳು ನಾನು. ಗುಣಪಡಿಸಿದವರು ಡಾಕ್ಟರು. ಆದರೆ ಸಿರಿಗೇರಿಯಲ್ಲಿ ಇವತ್ತಿಗೂ ಯಾರಾದರೂ ಜೋರಾಗಿ ಕೆಮ್ಮಿದರೆ... ಮೊದಲು ವಕೀಲರನ್ನು ಕರೆಯುತ್ತಾರೆ!