ಕೊಡದೆ ಉಳಿದ ಒಣಪೂರಿ

ನನ್ನ ಪಾನಿಪೂರಿಯ ಘಮಕ್ಕೆ ಹಿಂದೂ ಮಹಾಸಾಗರದ ಬಾಯಲ್ಲೇ ನೀರೂರುತ್ತದೆ. ಡರ್ಬನ್ನಿನ ಜನ ಅದನ್ನು ಉಬ್ಬರ ಅಂತಾರೆ. ನಂಬಿಕೆ ಬಾರದಿದ್ದರೆ ಗ್ಲೆನ್‌ವುಡ್‌ನ ನಮ್ಮ ಕೆಫೆಗೆ ಬಂದು ನೋಡಿ. ಒಂದು ಬದಿ ವೈನು, ಇನ್ನೊಂದು ಬದಿ ಚಾಟು, ನಡುವೆ ನಾನು, ಕುಬೆನ್. ಮೂರು ಖಂಡಗಳಲ್ಲಿ ನನ್ನಂಥ ಮಾತುಗಾರ ಸಿಗಲಾರ.

ಆದರೆ ಶುಕ್ರವಾರ ಸಂಜೆ ನಾಲ್ಕಕ್ಕೆ ಝೋಡ್ವಾ ಬಂದಳೆಂದರೆ ನನ್ನ ನಾಲಿಗೆ ರಜೆ ಹಾಕುತ್ತಿತ್ತು.

ವೈನ್ ಕಂಪನಿಯವಳು. ಹೊಸ ಬಾಟಲಿ ತರುವಳು, ಗ್ಲಾಸನ್ನು ಬಿಸಿಲಿಗೆ ಹಿಡಿದು ತಿರುಗಿಸುವಳು. ಆ ಕೆಂಪು ಬೆಳಕು ಅವಳ ಕೆನ್ನೆಯ ಮೇಲೆ ಮೀನಿನಂತೆ ಈಜುತ್ತಿತ್ತು. ಆಮೇಲೆ ನನ್ನೆದುರು ನಿಂತು ಪಾನಿಪೂರಿ. ಅವಳು ಸಾಕೆನ್ನುವವರೆಗೂ ನಾನು ಕೊಡುತ್ತಲೇ ಇರುವೆ. ಎಂಟು ತಿಂಗಳು ಹೀಗೇ. ಒಮ್ಮೆ ನಲವತ್ತೊಂದು ತಿಂದಳು. ಸರಿ, ಹದಿನಾಲ್ಕು.

ಆ ಶುಕ್ರವಾರ ಅವಳು ಬಾಟಲಿ ತರಲಿಲ್ಲ.

“ಒಂದು ಮಾತು ಕೇಳ್ಬೇಕು, ಕುಬೆನ್. ಎಲ್ಲರಿಗೂ ಕೊನೇಲಿ ಒಂದು ಒಣಪೂರಿ ಪುಕ್ಕಟೆ ಕೊಡ್ತೀಯ. ನನಗೆ ಒಂದು ದಿನವೂ ಕೊಟ್ಟಿಲ್ಲ. ಯಾಕೆ? ನಾನು ಝುಲು ಹುಡುಗಿ, ನಿಮ್ಮವಳಲ್ಲ ಅಂತಾನಾ?”

ಮೂಲೆ ಮೇಜಿನ ಖಾಯಂ ಗಿರಾಕಿ ಧನಮ್ ಆಂಟಿ ವೈನ್ ಗ್ಲಾಸು ಕೆಳಗಿಟ್ಟರು. “ಈಗ ಬಾಯಿ ಬಿಡೋ, ಮಾತಿನ ಮಲ್ಲ!”

ನಾನು ಮಡಕೆಯ ಪಾನಿ ಕಲಕತೊಡಗಿದೆ.

“ಅಲ್ಲಿ ದೂರದ ಕೇಪ್ ಕಡೆ, ಪಾರ್ಲ್‌ನಲ್ಲಿ ಕೆಲಸ ಕೊಡ್ತಿದಾರೆ,” ಅಂದಳು. “ಆರು ಗಂಟೆಯೊಳಗೆ ಉತ್ತರ ಹೇಳ್ಬೇಕು. ಒಪ್ಪಿದ್ರೆ ಸೋಮವಾರವೇ ಹೊರಡೋದು. ಅದಕ್ಕೆ ಮೊದಲು ನನ್ನ ಪೂರಿ ಕೊಟ್ಬಿಡು.”

ಅಂಗೈ ಚಾಚಿದಳು.

ಒಂದು ಪೂರಿ ಎತ್ತಿದೆ. ಒಣಗಿದ ಎಲೆಯಷ್ಟು ಹಗುರ. ಆದರೂ ಟೇಬಲ್ ಮೌಂಟನ್ ಬೆಟ್ಟವನ್ನೇ ಎತ್ತಿದ ಹಾಗಾಯ್ತು. ವಾಪಸ್ ಇಟ್ಟೆ.

“ಆಗಲ್ಲ ಕಣೇ.”

“ನೋಡಿದ್ಯಾ, ನಾನು ಹೇಳಿದ್ದೇ ನಿಜ!”

“ಅಲ್ಲ, ಕೇಳು. ಅಜ್ಜಿ ಗಾಡಿ ಇಟ್ಟ ಕಾಲದಿಂದ ನಮ್ಮದೊಂದು ಪದ್ಧತಿ. ಒಣಪೂರಿ ಕೊಟ್ರೆ ‘ಮುಗೀತು, ಹೋಗಿ ಬನ್ನಿ’ ಅಂತ. ಆಮೇಲೆ ಒಂದು ತೊಟ್ಟು ಪಾನಿ ಹಾಕೋ ಹಾಗಿಲ್ಲ. ಸಾಕು ಅಂತ ನೀನು ಹೇಳ್ಬಹುದು. ಹೋಗು ಅಂತ ನಾನು ಹೇಗೆ ಹೇಳ್ಲಿ? ನೀನಂದ್ರೆ... ನೀನಂದ್ರೆ ನನಗೆ ಪ್ರಾಣ ಕಣೇ.”

ಫ್ರಿಜ್ಜೂ ಗುಂಯ್‌ಗುಡುವುದನ್ನು ನಿಲ್ಲಿಸಿತು. ಹೊರಗೆ ಉದುರುತ್ತಿದ್ದ ಜಕರಂಡಾ ಹೂವೊಂದು ಅರ್ಧ ದಾರಿಯಲ್ಲಿ, ಗಾಳಿಯಲ್ಲೇ ನಿಂತಿತು. ಆಣೆಗೂ.

ಝೋಡ್ವಾ ತಾನೇ ರಾಶಿಗೆ ಕೈಹಾಕಿ ಒಂದು ಒಣಪೂರಿ ತೆಗೆದುಕೊಂಡಳು. ನನ್ನ ಜೀವ ಮಡಗಾಸ್ಕರ್‌ವರೆಗೆ ಹೋಗಿ ಬಂತು.

ಹೆಬ್ಬೆರಳಿನಿಂದ ಅದರ ನೆತ್ತಿ ಒಡೆದಳು. ಪಾನಿಯ ಮಡಕೆಯಲ್ಲಿ ಮುಳುಗಿಸಿದಳು. ಹಸಿರು ನೀರು ಮೊಣಕೈವರೆಗೂ ಇಳಿಯುತ್ತಿದ್ದಂತೆ ಅದನ್ನು ನನ್ನ ಬಾಯಿಗಿಟ್ಟಳು.

“ಆರಕ್ಕೆ ಅವರಿಗೆ ಫೋನ್ ಮಾಡ್ತೀನಿ,” ಅಂದಳು. “ಇಲ್ಲಿ ನನಗಿನ್ನೂ ಹಸಿವು ತೀರಿಲ್ಲ ಅಂತೀನಿ.”

“ಅಯ್ಯೋ, ಅಳ್ತಿದಾನೆ ನೋಡೇ!” ಧನಮ್ ಆಂಟಿ ಇಡೀ ಬೀದಿಗೆ ಕೇಳುವಂತೆ ಕೂಗಿದರು.

ಖಾರ ಕಣ್ರೀ, ಖಾರ. ನನ್ನ ಪಾನಿಗೆ ಆನೆಗಳೂ ಅಳುತ್ತವೆ.